ಎಡಗಣ್ಣಿನ ದುರ್ಬೀನು

ನಮ್ಮ ಭಾವನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಅವರಿಗೆ ಅರ್ಧ ಮಾತ್ರ ಗೊತ್ತು. ಮೂಗಿನ ತುದಿಗೆ ಬರಲು ಕೋಪಕ್ಕೂ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಭಾವನದು ಅಷ್ಟು ಹೊತ್ತು ಕಾಯುವ ಜಾತಿಯದಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಿ ಕೈಗಡಿಯಾರ ಬಿಚ್ಚುವ ಮೊದಲೇ, "ನೀರಲ್ಲಿ ಅದ್ದಿದೀರಿ ತಾನೇ? ಸುಳ್ಳು ಹೇಳ್ಬೇಡಿ, ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ಶುರು ಮಾಡುತ್ತಿದ್ದರು. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಏಕೆಂದರೆ ಭಾವ ಒಮ್ಮೆ ಬಿಚ್ಚಿ ಜೋಡಿಸಿದ ಗಡಿಯಾರ ಮತ್ತೆ ನಿಲ್ಲುತ್ತಿರಲಿಲ್ಲ.

ನಾನು ಅವರ ಹೆಂಡತಿಯ ತಂಗಿ. ನನ್ನ ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಇದ್ದೇನೆ. ಮುಂದೆ ಗಡಿಯಾರದ ಅಂಗಡಿ, ಹಿಂದೆ ಎರಡು ಕೋಣೆ, ಅದರಲ್ಲೊಂದರ ಕಿಟಕಿ ಪಕ್ಕ ನನ್ನ ಹೊಲಿಗೆ ಯಂತ್ರ. ನನಗೂ ಕೋಪ ಕಡಿಮೆಯೇನಿಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬರು ಕಿರುಚಿದರೆ ಇನ್ನೊಬ್ಬರು ಹಲ್ಲು ಕಚ್ಚಿಕೊಂಡಿರಬೇಕಾಗುತ್ತದೆ. ಆ ಹಲ್ಲು ಕಚ್ಚುವ ಕೆಲಸ ಇಷ್ಟು ವರ್ಷ ನನ್ನ ಪಾಲಿಗೆ ಬಂದಿತ್ತು.

ಭಾವನ ಬಲಗಣ್ಣಿನ ಗುಳಿಯಲ್ಲಿ ಯಾವಾಗಲೂ ಒಂದು ಸಣ್ಣ ಕರಿಯ ಭೂತಗನ್ನಡಿ ಸಿಕ್ಕಿಕೊಂಡಿರುತ್ತಿತ್ತು. ಹರೆಯದಿಂದ ಅದೇ ಅಭ್ಯಾಸ. ಬಲಗಣ್ಣಿಗೆ ಗಾಜು ತಗುಲಿದ ಕೂಡಲೇ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬೀದಿಯವರು ಹಿಂದಿನಿಂದ ಒಂಟಿಕಣ್ಣ ಎನ್ನುತ್ತಿದ್ದರು, ಮುಂದಿನಿಂದ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಬಲಗಣ್ಣೇ ಹೋದ ವರ್ಷ ಕೈಕೊಟ್ಟಿತು. ರಿಪೇರಿಯಾಗಿ ಹೋದ ಗಡಿಯಾರಗಳು ವಾಪಸು ಬರತೊಡಗಿದವು. ಅಕ್ಕ ಹೇಗೋ ಪುಸಲಾಯಿಸಿ ಭಾವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಳು. ಬಲಗಣ್ಣಿನ ಪರದೆಯ ನಡುಭಾಗ ಹಾಳಾಗಿದೆ, ಅಂಚಿನಲ್ಲಿ ಕಾಣುತ್ತದೆ ನಡುವೆ ಕಾಣುವುದಿಲ್ಲ, ಇದು ಕನ್ನಡಕಕ್ಕೆ ಬಗ್ಗುವುದಲ್ಲ, ಎಡಗಣ್ಣು ಮಾತ್ರ ಗಟ್ಟಿಯಾಗಿದೆ ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿದರು. ಭಾವ ಎದ್ದು ನಿಂತು, "ನಿಮ್ಮ ಗೋಡೆ ಮೇಲಿನ ಅಕ್ಷರಾನೇ ನೆಟ್ಟಗೆ ಅಚ್ಚು ಹಾಕಿಲ್ಲ, ಮೊದಲು ಅದನ್ನ ಬದಲಾಯಿಸಿ" ಎಂದು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಅಕ್ಕನ ಮೇಲೆ ಹಾರಾಡಿದರು. "ಎಡಗಣ್ಣು ಗಟ್ಟಿಯಂತೆ! ಜನ್ಮದಲ್ಲಿ ಒಂದು ದಿನ ದುಡಿದಿದೆಯಾ ಅದು? ಸೋಮಾರಿ ಕಣ್ಣು ಗಟ್ಟಿ ಇರದೆ ಇನ್ನೇನಾಗುತ್ತೆ?" ಅಂದಿನಿಂದ ನಮ್ಮ ಮನೆಯಲ್ಲಿ ಕಣ್ಣು ಎಂಬ ಪದವನ್ನೇ ಯಾರೂ ಎತ್ತುವಂತಿರಲಿಲ್ಲ.

ಇದರ ಫಲ ಉಂಡವಳು ನಾನು. ಮಧ್ಯಾಹ್ನ ಊಟವಾಗಿ ಭಾವ ಮಲಗಿದ ಮೇಲೆ, ಅವರು ಮುಗಿಸಿಟ್ಟ ಗಡಿಯಾರಗಳನ್ನು ಅಕ್ಕ ಒಂದೊಂದಾಗಿ ಕಿವಿಗೆ ಹಿಡಿದು ನೋಡುತ್ತಿದ್ದಳು. ಸದ್ದು ಸರಿಯಿಲ್ಲದವನ್ನು ಹತ್ತಿ ಹಾಸಿದ ಊಟದ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಅದನ್ನು ಎತ್ತಿಕೊಂಡು ಬಿಸಿಲಲ್ಲಿ ಕೆಳಗಿನ ಬೀದಿಗೆ ಓಡಬೇಕು. ಅಲ್ಲಿ ಇನ್ನೊಬ್ಬ ಗಡಿಯಾರದವನಿದ್ದ. ಅವನ ಕೈ ಒರಟು ಎಂದು ಭಾವ ಅವನಿಗೆ ಸುತ್ತಿಗೆ ಎಂದು ಹೆಸರಿಟ್ಟಿದ್ದರು, ಅವನ ಮುಖವನ್ನೂ ನೋಡುತ್ತಿರಲಿಲ್ಲ. ಆ ಸುತ್ತಿಗೆಗೆ ಇವತ್ತಿನದನ್ನು ಕೊಟ್ಟು, ನಿನ್ನೆಯದನ್ನು ತಂದು, ಭಾವ ಏಳುವುದರೊಳಗೆ, ಗಿರಾಕಿಗಳಿಗೆ ಕೊಡುವುದನ್ನಿಡುವ ಅಕ್ಕನ ಡ್ರಾಯರಿಗೆ ಸೇರಿಸಬೇಕು. ಕೆಡಿಸಿದ್ದು ಇವರು, ಸರಿಮಾಡಿದ್ದು ಅವನು, ಬೆಂದದ್ದು ನಾನು.

"ಹೇಳಿಬಿಡೇ ಅಕ್ಕ" ಎಂದು ಎಷ್ಟು ಸಲ ಜಗಳವಾಡಿದ್ದೇನೋ.

"ಹೇಳಿದ್ರೆ ಎದೆ ಒಡ್ಕೋತಾರೆ."

"ಅವರ ಎದೆಗೇನೂ ಆಗಲ್ಲ. ನನ್ನ ಚಪ್ಪಲಿ ಸವೀತಿದೆ."

ಅಕ್ಕ ಮಾತು ಬದಲಾಯಿಸುತ್ತಿದ್ದಳು. ಗಂಡ ಹೆಂಡತಿ ಇಬ್ಬರ ಮೇಲೂ ನನಗೆ ಮೈ ಉರಿಯುತ್ತಿತ್ತು. ಒಬ್ಬರು ನಿಜವನ್ನು ನೋಡಲೊಲ್ಲರು, ಇನ್ನೊಬ್ಬಳು ತೋರಿಸಲೊಲ್ಲಳು.

ಇದರ ನಡುವೆ ಹಕ್ಕಿಗಳು ಬಂದವು. ನಿವೃತ್ತರಾದ ಒಬ್ಬ ಟೀಚರಮ್ಮ ಗೋಡೆ ಗಡಿಯಾರ ಕೊಡಲು ಬಂದವರು, ಬೈಗುಳ ಕೇಳಿ ಹೆದರುವ ಬದಲು ತಿರುಗಿಸಿ ಕೊಟ್ಟರು. "ಒಂದಂಗುಲದ ಆಚೆ ಏನಾದ್ರೂ ನೋಡಿದೀರೇನ್ರಿ ಜೀವಮಾನದಲ್ಲಿ? ಭಾನುವಾರ ಕೆರೆ ಹತ್ತಿರ ಬನ್ನಿ, ನಾವೊಂದಷ್ಟು ಜನ ಹಕ್ಕಿ ನೋಡೋಕೆ ಸೇರ್ತೀವಿ." ಪಾಠ ಕಲಿಸಿ ಬರುತ್ತೇನೆ ಎಂದೇ ಭಾವ ಹೋದರು. ಆದರೆ ಅಂದು ಅವರ ಕಣ್ಣೆದುರೇ ಡೇಗೆ ಎಂಬ ಹದ್ದಿನಂಥ ಹಕ್ಕಿಯೊಂದು ಮುಗಿಲೆತ್ತರದಿಂದ ಕೆರೆಗೆ ಧುಮುಕಿ, ಒದ್ದಾಡುವ ಮೀನನ್ನು ಕಾಲಲ್ಲಿ ಹಿಡಿದೆತ್ತಿಕೊಂಡು ಹೋಯಿತಂತೆ. ಸಂಜೆಯವರೆಗೂ ಭಾವ ಯಾರನ್ನೂ ಬೈಯಲಿಲ್ಲ. ಅಕ್ಕ ಹಣೆ ಮುಟ್ಟಿ ನೋಡಿದಳು.

"ಅಷ್ಟು ಮೇಲಿಂದ ನೀರೊಳಗಿನ ಮೀನು ಕಾಣುತ್ತಲ್ಲ ಅದಕ್ಕೆ" ಎಂದರು ಭಾವ. "ಅದರ ಕಣ್ಣು ಹೇಗಿದೆ ಅಂತ ಒಂದು ಸಲ ಹತ್ತಿರದಿಂದ ನೋಡ್ಬೇಕು."

ಚಳಿ ಶುರುವಾದಾಗ ಡೇಗೆಗಳು ಗುಂಪಾಗಿ ಬಂದಿಳಿಯುವ ಒಂದು ನದೀಮುಖಕ್ಕೆ ಟೀಚರಮ್ಮನ ತಂಡ ಪ್ರತಿವರ್ಷ ಹೋಗುತ್ತಿತ್ತು. ದೋಣಿ ಚಿಕ್ಕದು, ಜಾಗ ಕಡಿಮೆ. ಅದಕ್ಕೇ ಟೀಚರಮ್ಮ ಎರಡು ನಿಯಮ ಮಾಡಿದ್ದರು. ಎರವಲು ದುರ್ಬೀನು ಕೂಡದು. ಏಕೆಂದರೆ ನಿಮ್ಮ ಸರದಿ ಬರುವವರೆಗೆ ಹಕ್ಕಿ ಕೂತಿರುವುದಿಲ್ಲ. ಮತ್ತೆ, ಹೊಸಬರು ಮೊದಲು ಕೆರೆಯಲ್ಲಿ ತಾವೇ ಒಂದು ಹಕ್ಕಿಯನ್ನು ಹುಡುಕಿ ಇನ್ನೊಬ್ಬರಿಗೆ ತೋರಿಸಬೇಕು. ತಾನು ಕಂಡದ್ದನ್ನು ತೋರಿಸಲಾಗದವನು ದೋಣಿಯಲ್ಲಿ ಬರಿಯ ಭಾರ ಎಂಬುದು ಅವರ ವಾದ. ಭಾವನಿಗೆ ಆ ದೋಣಿ ಹತ್ತಲೇಬೇಕೆಂಬ ಹಟ ಹುಟ್ಟಿತು. ಆ ಹಟದ ಅರ್ಥ ನನಗೂ ಅಕ್ಕನಿಗೂ ಚೆನ್ನಾಗಿ ಗೊತ್ತಿತ್ತು. ಕೆರೆಯಂಚಿನಲ್ಲಿ ಹಕ್ಕಿ ಕಂಡುಬಿಟ್ಟರೆ ಡಾಕ್ಟರು ಸುಳ್ಳ ಎಂದಾಗುತ್ತದಲ್ಲ.

"ಎಂಟು ಪಟ್ಟು ದೊಡ್ಡದಾಗಿ ತೋರಿಸೋ ಹಗುರದ್ದು ಸಾಕು" ಎಂದು ಟೀಚರಮ್ಮ ತಿಳಿಹೇಳಿದ್ದರು. "ಹೆಚ್ಚು ದೊಡ್ಡದು ಮಾಡಿದಷ್ಟೂ ಕೈನಡುಕಾನೂ ದೊಡ್ಡದಾಗುತ್ತೆ, ನೋಡೋ ಜಾಗ ಚಿಕ್ಕದಾಗುತ್ತೆ." ಭಾವ ಕೇಳಬೇಕಲ್ಲ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹನ್ನೆರಡು ಪಟ್ಟಿನದೇ ಬೇಕು, ಇನ್ನೂ ಹೆಚ್ಚಿದ್ದರೆ ಇನ್ನೂ ಒಳ್ಳೆಯದು ಎಂದರು. ಬೆಂಕಿಗೆ ತುಪ್ಪ ಹೊಯ್ಯಲು ನಮ್ಮ ಅಳಿಯನೂ ಸಿಕ್ಕಿದ. ಅಕ್ಕನ ಮಗಳ ಗಂಡ ಇವನು, ಫೋನಿನಲ್ಲಿ ಓದಿ ಹಾಸಿಗೆಯಿಂದ ಹಿಡಿದು ಹಲ್ಲುಜ್ಜುವ ಬ್ರಶ್ಶಿನವರೆಗೆ ಊರಿಗೆಲ್ಲ ಆರಿಸಿಕೊಡುವವನು. ಮಾವನಿಗೆಂದು ಎರಡು ನಳಿಗೆಯ ಒಂದು ದೈತ್ಯ ದುರ್ಬೀನನ್ನು ತರಿಸಿಯೇಬಿಟ್ಟ. ಕುತ್ತಿಗೆಗೆ ಹಾಕಿಕೊಂಡರೆ ಭಾವನ ತಲೆಯೇ ಮುಂದಕ್ಕೆ ಬಾಗುತ್ತಿತ್ತು.

ಎಲ್ಲರೂ ತಾರಸಿ ಹತ್ತಿದೆವು. ಭಾವ ದುರ್ಬೀನು ಎತ್ತಿದರು. ಬಲಗಣ್ಣಿಗೆ ಗಾಜು ತಗುಲಿದ್ದೇ ತಡ ಎಡಗಣ್ಣು ಮುಚ್ಚಿತು. ಬದಿಯಲ್ಲಿ ನಿಂತಿದ್ದ ನಾನು ಅದನ್ನು ನೋಡಿದೆ.

"ಏನೂ ಕಾಣಲ್ಲ. ನಡುವೆ ಮಸಿ ಬಳಿದ ಹಾಗಿದೆ."

"ಚಕ್ರ ತಿರುಗಿಸಿ ಮಾವ. ನಳಿಗೆಗಳನ್ನ ಹತ್ತಿರ ಮಾಡ್ಕೊಳ್ಳಿ. ಇದಕ್ಕೆ ತುಂಬ ಜನ ಐದು ನಕ್ಷತ್ರ ಕೊಟ್ಟಿದಾರೆ."

"ನಕ್ಷತ್ರ ನೋಡೋರು ಕೊಟ್ಟಿರ್ತಾರೆ. ನಂಗೆ ಹಕ್ಕಿ ನೋಡ್ಬೇಕು. ಇದು ಕೆಟ್ಟ ಮಾಲು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಬಾಯಿಯ ತುದಿಗೆ ಬಂದಿತ್ತು, ಅಕ್ಕ ಕೈ ಅದುಮಿದ್ದರಿಂದ ನುಂಗಿಕೊಂಡೆ. ನುಂಗಿದ್ದು ತಪ್ಪಾಯಿತು. ಬೇರೆ ಯಾರೇ ಆಗಿದ್ದರೂ ಹಾಳಾಗಿದೆ ಎನಿಸಿದ ವಸ್ತುವನ್ನು ಅಂಗಡಿಗೆ ಹಿಂತಿರುಗಿಸುತ್ತಿದ್ದರು. ನಮ್ಮ ಭಾವ ಗಡಿಯಾರದವರು. ಹಾಳಾದದ್ದನ್ನು ಬಿಚ್ಚದೆ ಬಿಟ್ಟ ಚರಿತ್ರೆಯೇ ಅವರ ಬದುಕಿನಲ್ಲಿಲ್ಲ. ಮರುದಿನ ಅಳಿಯ ಬರುವ ಹೊತ್ತಿಗೆ ದುರ್ಬೀನು ಮೇಜಿನ ಮೇಲೆ ಸಣ್ಣ ಸಣ್ಣ ಮೊಳೆಗಳಾಗಿ, ಉಂಗುರಗಳಾಗಿ, ಗಾಜಿನ ತುಂಡುಗಳಾಗಿ ಬಿದ್ದಿತ್ತು. ಅವನು ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ. ಭಾವ ನಿಧಾನವಾಗಿ ಎಲ್ಲವನ್ನೂ ಜೋಡಿಸಿ, ಬಲಗಣ್ಣಿಗೆ ಹಿಡಿದು, "ಈಗ ಪರವಾಗಿಲ್ಲ, ನೋಡು" ಎಂದು ಅವನ ಕೈಗಿತ್ತರು.

ಅಳಿಯ ಕಿಟಕಿಯಿಂದಾಚೆ ನೋಡಿದ. "ಮಾವ, ಎದುರುಮನೆ ನೀರಿನ ಟ್ಯಾಂಕು ಎರಡು ಕಾಣ್ತಿದೆ."

"ಎರಡಿರಬಹುದು."

"ಇರೋದು ಒಂದೇ! ಒಳಗಿನ ಗಾಜುಗಳು ಜರುಗಿವೆ. ಇನ್ನು ಯಾರೂ ಇದನ್ನ ವಾಪಸು ತಗೊಳ್ಳಲ್ಲ. ನಾನು ಆಸೆಪಟ್ಟು ತಂದದ್ದು..."

"ನಾನೇನು ನಿನ್ನ ಕೇಳಿದ್ನಾ?"

ಕೇಳಿದ್ದರು. ಆದರೆ ಅದನ್ನು ನೆನಪಿಸುವ ಗಂಡೆದೆ ಯಾರಿಗಿತ್ತು? ಅಳಿಯ ಕೆಂಪಗಾಗಿ ಚಪ್ಪಲಿ ಮೆಟ್ಟಿ ಹೊರಟುಹೋದ. ಮಗಳು ಫೋನು ಮಾಡಿ ಅಮ್ಮನ ಮೇಲೆ ಕೂಗಾಡಿದಳು, ಅಕ್ಕ ನನ್ನ ಮೇಲೆ ಕೂಗಾಡಿದಳು, ನಾನು ಹೊಲಿಗೆ ಯಂತ್ರದ ಮೇಲೆ ಕೋಪ ತೀರಿಸಿಕೊಂಡು ಸೂಜಿ ಮುರಿದೆ. ಭಾವನೊಬ್ಬರು ಮಾತ್ರ, ಈಗಿನ ಕಾಲದಲ್ಲಿ ಯಾವ ವಸ್ತುವನ್ನೂ ನೆಟ್ಟಗೆ ಮಾಡುವುದಿಲ್ಲ ಎಂದು ಪ್ರಪಂಚವನ್ನೇ ಬೈಯುತ್ತ ಉಂಡರು. ಮಧ್ಯಾಹ್ನ ಡಬ್ಬಿ ಹೊತ್ತು ಬಿಸಿಲಲ್ಲಿ ನಡೆಯುವಾಗ ನನಗೆ ಸಾಕುಸಾಕಾಯಿತು. ಕೆರೆಯ ಪರೀಕ್ಷೆ ಮುಂದಿನ ಭಾನುವಾರ. ಭಾವ ಅಲ್ಲಿ ಎಲ್ಲರೆದುರು ಹಕ್ಕಿ ಕಾಣದೆ ನಿಂತರೆ ಇಡೀ ತಂಡದೊಂದಿಗೆ ಜಗಳವಾಡಿ, ಮನೆಗೆ ಬಂದು, ಕಣ್ಣಿನ ವಿಚಾರವನ್ನೂ ಕೆರೆಯನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಸಾಯುವವರೆಗೂ ಆ ಮೇಜು, ಆ ಸುಳ್ಳು, ಈ ಡಬ್ಬಿ.

ಮರುದಿನ ಬೆಳಗ್ಗೆ ಭಾವನ ಎದುರು ನಿಂತೆ. "ಏಳಿ. ದುರ್ಬೀನಿನ ಅಂಗಡಿಗೆ ಹೋಗೋಣ. ಅಳಿಯನೂ ಬೇಡ, ನಕ್ಷತ್ರಾನೂ ಬೇಡ. ನೀವೇ ನೋಡಿ, ನೀವೇ ಆರಿಸಿ. ಕೆಟ್ಟ ಮಾಲಾದ್ರೆ ಅಲ್ಲೇ ಅವನ ಮುಖಕ್ಕೆ ಬೈಯೋಕಾಗುತ್ತೆ." ಕೊನೆಯ ಮಾತು ಅವರಿಗೆ ಹಿಡಿಸಿತು. ಅಂಗಿ ಹಾಕಿಕೊಂಡರು.

ಅಂಗಡಿಯವನು ಸಣಕಲು ಮನುಷ್ಯ, ಮಾತಿಗೆ ಮುಂಚೆ ಬಟ್ಟೆಯಲ್ಲಿ ಗಾಜು ಒರೆಸುವ ಚಾಳಿಯವನು. "ಒಳಗೆ ಲೈಟಿನಲ್ಲಿ ನೋಡಿ ಯಾವತ್ತೂ ತಗೋಬೇಡಿ, ಬೀದಿಗೆ ಬನ್ನಿ" ಎಂದು ಒಂದೊಂದಾಗಿ ತಂದು ಕೊಟ್ಟ. ಎಂಟು ಪಟ್ಟಿನದು ಮಂಕು, ಹತ್ತು ಪಟ್ಟಿನದು ಮಂಕು, ಇದರ ಗಾಜು ದಂಡ, ಅದರ ತಿರುಪು ಬಿಗಿ. ಭಾವ ಒಂದಾದ ಮೇಲೊಂದು ತಳ್ಳಿಹಾಕಿದರು. ಅಂಗಡಿಯವನಿಗೂ ರೇಗಿತು. ಒಳಗೆ ಹೋಗಿ ಒಂಟಿ ನಳಿಗೆಯ ಒಂದು ದುರ್ಬೀನನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ತಂದು ಫುಟ್‌ಪಾತಿನ ಮೇಲೆ ನೆಟ್ಟ. ಹೆಗಲಿಗೆ ಹಾಕಿಕೊಂಡು ಹೋಗುವಷ್ಟು ಹಗುರ. ಕಣ್ಣಿಡುವ ಕಡೆ ಮೇಲಕ್ಕೆ ಬಾಗಿದ್ದರಿಂದ ತಲೆತಗ್ಗಿಸಿ ನೋಡಬೇಕು.

"ಇದು ಅಲುಗಾಡೋದೇ ಇಲ್ಲ. ಬೀದಿಯ ಕೊನೇಲಿ ಗೋಪುರ ಇದೆಯಲ್ಲ, ಅದರ ಗಡಿಯಾರಕ್ಕೆ ಹಿಡಿದಿದೀನಿ. ಇದರಲ್ಲೂ ಕಾಣದಿದ್ರೆ ನನ್ನ ಕೇಳಿ."

ಭಾವ ಮೇಜಿನ ಮುಂದೆ ಬಾಗುವಂತೆಯೇ ಬಾಗಿದರು. ಬಲಗಣ್ಣು ಇಟ್ಟರು. ಎಡಗಣ್ಣು ಮುಚ್ಚಿತು. ಸ್ವಲ್ಪ ಹೊತ್ತು ನೋಡಿ ಕೆರಳಿದರು.

"ನೋಡು, ನೋಡು ಈ ಕತ್ತೆಗಳನ್ನ! ಗೋಪುರದ ಗಡಿಯಾರದ ಮುಳ್ಳು ಕಿತ್ತು ಹಾಗೇ ಬಿಟ್ಟಿದಾರೆ. ಸುತ್ತ ಅಂಕಿ ಇದೆ, ಮುಳ್ಳೇ ಇಲ್ಲ. ಊರಿನ ಗಡಿಯಾರನ ಹೀಗಾ ಇಡೋದು?"

ಅಂಗಡಿಯವನು ಬಾಗಿ ನೋಡಿದ. "ಮುಳ್ಳು ಇದೆಯಲ್ಲ ಸ್ವಾಮಿ. ಹತ್ತೂ ಕಾಲು."

ನಾನೂ ನೋಡಿದೆ. ಎರಡೂ ಮುಳ್ಳು ಕಪ್ಪಗೆ, ಸ್ಪಷ್ಟವಾಗಿ ಇದ್ದವು.

ಭಾವ ನಮ್ಮಿಬ್ಬರನ್ನೂ ಗದರಿಸುವವರಂತೆ ದಿಟ್ಟಿಸಿದರು. ಮತ್ತೆ ಬಾಗಿದರು. ಬಲಗಣ್ಣು. ಮೇಲೆದ್ದರು. ಮತ್ತೆ ಬಾಗಿದರು. ನಾನಿನ್ನು ತಡೆಯಲಾರದೆ ಕೂಗಿಯೇಬಿಟ್ಟೆ. "ಆ ಕಣ್ಣಲ್ಲ ಭಾವ! ಇನ್ನೊಂದರಲ್ಲಿ ನೋಡಿ! ಒಂದು ಸಲ ನೋಡಿ!" ನನ್ನ ಮೇಲಿನ ಸಿಟ್ಟಿಗೇ ಇರಬೇಕು, ಬಲಗಣ್ಣಿಗೆ ಅಂಗೈ ಅಡ್ಡ ಒತ್ತಿ ಎಡಗಣ್ಣನ್ನು ಗಾಜಿಗೆ ತಂದರು. ಅದು ಮುಚ್ಚಿಕೊಂಡೇ ಇತ್ತು. ಬೆರಳಿನಿಂದ ರೆಪ್ಪೆ ಬಿಡಿಸಿ ನೋಡಿದರು.

ಅವರು ತಲೆ ಎತ್ತಲು ಬಹಳ ಹೊತ್ತಾಯಿತು. "ಹತ್ತೂ ಇಪ್ಪತ್ತು" ಎಂದಷ್ಟೇ ಹೇಳಿದರು. ನಿಜ, ಅಷ್ಟರಲ್ಲಿ ಅಷ್ಟಾಗಿತ್ತು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ಇದನ್ನೇ ಕಟ್ಟಿಕೊಡು. ಕಾಲು ಮೂರೂ ಸಮ ಇದೆಯಾ ನೋಡಿ ಕೊಡು" ಎಂದು ಗುಡುಗಿದರು. ದಾರಿಯಲ್ಲಿ ಅಡ್ಡ ಬಂದ ಆಟೋದವನನ್ನೂ ಬೈಯಲಿಲ್ಲ. ಅವರ ಬೈಗುಳ ಅಷ್ಟು ವರ್ಷ ಕೇಳಿದವಳು ನಾನು. ಅದಕ್ಕೇ ಹೆದರಿದೆ.

ಮನೆಗೆ ಬಂದವರೇ ಅಂಗಡಿಗೆ ನುಗ್ಗಿದರು. ಕಣ್ಣಿನ ಗಾಜನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡು, ಎಣ್ಣೆ ಹಾಕಿಸಲು ಮತ್ತೆ ಬಂದಿದ್ದ ಒಂದು ಗಡಿಯಾರ ಬಿಚ್ಚಿದರು. ಕಣ್ಣಿಗೆ ಕಂಡರೂ ಕೈ ಅದರ ಮಾತು ಕೇಳಲಿಲ್ಲ. ಚಿಮಟ ಹೋಗಬೇಕಾದಲ್ಲಿ ಹೋಗದೆ ಪಕ್ಕಕ್ಕೆ ಹೋಗಿ ಕೂದಲಿನಂಥ ಸ್ಪ್ರಿಂಗನ್ನು ತಿರುಚಿತು. ಇನ್ನೊಂದು ಬಿಚ್ಚಿದರು, ಅದೂ ಹಾಗೇ. ಆಗ ಅವರ ಕಣ್ಣು ಬಿಚ್ಚಿಟ್ಟ ಮುಚ್ಚಳದ ಒಳಮೈ ಮೇಲೆ ಬಿತ್ತು.

ಗಡಿಯಾರದವರಲ್ಲಿ ಒಂದು ಪದ್ಧತಿಯಿದೆ. ಕೆಲಸ ಮಾಡಿದ ಪ್ರತಿ ಗಡಿಯಾರದ ಹಿಂಬದಿಯ ಮುಚ್ಚಳದೊಳಗೆ ಸೂಜಿಯಿಂದ ತಮ್ಮದೊಂದು ಗುರುತು ಗೀರುತ್ತಾರೆ. ಭಾವನದು ಸಣ್ಣ ಕೊಂಡಿ. ಸುತ್ತಿಗೆಯದು ಗುಣಾಕಾರದ ಚಿಹ್ನೆ. ಅಕ್ಕನಿಗಾಗಲಿ ನನಗಾಗಲಿ ಅದು ಹೊಳೆದೇ ಇರಲಿಲ್ಲ. ಯಾರಿಗೂ ಹೇಳಬೇಡ ಎಂದು ಸುತ್ತಿಗೆಗೆ ತಾಕೀತು ಮಾಡಿದ್ದೆವು, ಗೀರಬೇಡ ಎಂದಿರಲಿಲ್ಲ. ವರ್ಷವಿಡೀ ಭಾವನ ಕಣ್ಣೆದುರೇ ಹಾದುಹೋದ ಗುರುತುಗಳು ಈಗ ಅವರಿಗೆ ಕಂಡವು. ಅಕ್ಕನ ಡ್ರಾಯರನ್ನು ಎಳೆದು ಒಂದೊಂದೇ ಗಡಿಯಾರದ ಬೆನ್ನು ತೆರೆದರು. ಮುಚ್ಚಳಗಳನ್ನೆಲ್ಲ ಬಾಚಿ ತಂದು ಊಟದ ಮೇಜಿನ ಮೇಲೆ ಸುರಿದರು.

"ಕೊಂಡಿ ಪಕ್ಕ ಗುಣಾಕಾರ! ಎಲ್ಲದರಲ್ಲೂ! ಆ ಸುತ್ತಿಗೆ ಕೈಲಿ ನನ್ನ ಕೆಲಸ ತಿದ್ದಿಸಿದ್ಯಾ?"

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಅಕ್ಕ ಸೌಟನ್ನು ನೆಲಕ್ಕೆ ಎಸೆದಳು. "ಹೌದು, ತಿದ್ದಿಸಿದೆ! ಒಂಟಿಕಣ್ಣನ ಕೈ ಹೋಯ್ತು ಅಂತ ಬೀದೀಲಿ ಆಡ್ಕೊಳ್ಳೋದನ್ನ ಕೇಳಿಸ್ಕೊಂಡು ಕೂತಿರ್ಬೇಕಿತ್ತಾ ನಾನು? ನಿಮಗೆ ಕೋಪ ಮಾಡ್ಕೊಳ್ಳೋಕೆ ಊರೆಲ್ಲ ಇದೆ. ನಂಗೆ ಯಾರಿದಾರೆ?"

"ನಂಗೆ ಹೇಳ್ಬೇಕಿತ್ತು!"

"ಹೇಳೋ ಹಾಗೆ ಇಟ್ಟಿದ್ರಾ ಯಾವತ್ತಾದ್ರೂ?"

ಭಾನುವಾರದವರೆಗೆ ಇಬ್ಬರೂ ಮಾತು ಬಿಟ್ಟರು. ಉಪ್ಪು ಕೊಡಲು ಹೇಳು, ಬಾಗಿಲು ಹಾಕಿಕೊಳ್ಳಲು ಹೇಳು ಎಂದು ಇಬ್ಬರ ನಡುವೆ ನಾನು ಅಂಚೆಯವಳಾದೆ. ಡಬ್ಬಿ ಹೊರುವ ಕೆಲಸ ಹೋಗಿ ಮಾತು ಹೊರುವ ಕೆಲಸ ಬಂತು, ನನ್ನ ಹಣೆಬರಹವೇ ಅಷ್ಟು.

ಭಾನುವಾರ ಬೆಳಗ್ಗೆ ಭಾವ ದುರ್ಬೀನನ್ನು ಹೆಗಲಿಗೇರಿಸಿಕೊಂಡು ಹೊರಟರು. ಹಿಂದೆ ನಾನು. ನನ್ನ ಹಿಂದೆ, ಯಾರೂ ಕರೆಯದಿದ್ದರೂ, ಅಕ್ಕ. ಅಲ್ಲಿ ಜಗಳವಾದರೆ ಎಳೆದುಕೊಂಡು ಬರಲು ಯಾರಾದರೂ ಬೇಡವೇ ಎಂದು ನನಗೆ ಮಾತ್ರ ಕೇಳುವಂತೆ ಗೊಣಗಿದಳು.

ಕೆರೆಯ ದಂಡೆಯಲ್ಲಿ ಟೀಚರಮ್ಮ ಮತ್ತು ಮೂರು ನಾಲ್ಕು ಜನ ಕಾಯುತ್ತಿದ್ದರು. ಭಾವ ಸ್ಟ್ಯಾಂಡು ನೆಟ್ಟು, ಬಲಗಣ್ಣಿಗೆ ಅಂಗೈ ಒತ್ತಿ, ಎಡಗಣ್ಣನ್ನು ಗಾಜಿಗಿಟ್ಟರು. ಆ ಕಣ್ಣಿಗೆ ಹುಡುಕುವುದೇ ಗೊತ್ತಿರಲಿಲ್ಲ. ನೀರು, ಬರಿ ನೀರು, ಜೊಂಡು, ಮತ್ತೆ ನೀರು. ಕಣ್ಣಿನಿಂದ ನೀರಿಳಿಯಿತು, ಒರೆಸಿಕೊಂಡರು, ಆ ಕಣ್ಣಿಗೆ ವಾಚಾಮಗೋಚರವಾಗಿ ಬೈದರು. ಒಬ್ಬರು ಸಹಾಯಕ್ಕೆ ಬಂದರೆ ಅವರಿಗೂ ಬೈದರು. ಬಿಸಿಲೇರಿತು. ಟೀಚರಮ್ಮ ಒಮ್ಮೆ ನನ್ನ ಮುಖ ನೋಡಿದರು. ಮುಗಿಯಿತು ಎಂದುಕೊಂಡೆ.

ಆಗ ಭಾವನ ಕೈ ನಿಂತಿತು. ತಿರುಪನ್ನು ಒಂದೆಳೆಯಷ್ಟು ತಿರುಗಿಸಿದರು, ಉಸಿರು ಬಿಗಿಹಿಡಿದರು. ತಲೆ ಎತ್ತಿದವರು ಟೀಚರಮ್ಮನನ್ನು ಕರೆಯಲಿಲ್ಲ.

"ಏ, ಬಾ ಇಲ್ಲಿ" ಎಂದರು ಅಕ್ಕನಿಗೆ.

"ನಂಗ್ಯಾಕೆ? ನಂಗೆ ಹಕ್ಕಿ ಗಿಕ್ಕಿ ಗೊತ್ತಿಲ್ಲ."

"ಬಾ ಅಂದ್ನಲ್ಲ. ಕೈ ತಗುಲಿಸ್ಬೇಡ, ಅಲುಗಾಡುತ್ತೆ."

ಅಕ್ಕ ಸೆರಗನ್ನು ಬಿಗಿಹಿಡಿದು ಬಾಗಿದಳು. ಅವಳು ಹುಟ್ಟಿದಂದಿನಿಂದ ಯಾವ ಗಾಜಿನೊಳಗೂ ಕಣ್ಣಿಟ್ಟವಳಲ್ಲ.

"ಕಾಣ್ತಾ?"

"ಹ್ಞೂಂ. ಕೆಸರಲ್ಲಿ ಸಣ್ಣದೊಂದು. ಕೊಕ್ಕು ಉದ್ದ ಇದೆ. ಬಾಲ ಕುಣಿಸ್ತಿದೆ. ಅಯ್ಯೋ, ಕಾಲಿನ ಬಣ್ಣನೂ ಕಾಣುತ್ತಲ್ರೀ!"

ಟೀಚರಮ್ಮ ತಮ್ಮ ದುರ್ಬೀನು ಎತ್ತಿ ಆ ದಿಕ್ಕಿಗೆ ಹಿಡಿದು, "ಗೊರವ ಹಕ್ಕಿ. ಸರಿ, ದೋಣಿಗೆ ಬನ್ನಿ" ಎಂದರು. ಭಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಕ್ಕನ ಬಾಗಿದ ಬೆನ್ನಿನ ಹತ್ತಿರ ನಿಂತು, ಅವರ ಬಾಯಲ್ಲಿ ನಾನೆಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು: "ಬಲಗಣ್ಣು ಹೋಯ್ತು ಕಣೇ. ನಾಳೆ ಮೇಜಿನ ಮೇಲಿರೋದನ್ನೆಲ್ಲ ಆ ಸುತ್ತಿಗೆ ಅಂಗಡಿಗೆ ನಾನೇ ತಗೊಂಡೋಗಿ ಕೊಟ್ಟು ಬರ್ತೀನಿ. ಇನ್ನು ಕೆಲಸ ಸಾಕು."

ಅಕ್ಕ ತಲೆ ಎತ್ತಲಿಲ್ಲ. ಗಾಜಿಗೆ ಕಣ್ಣೊತ್ತಿ ಹಾಗೇ ಬಾಗಿದ್ದಳು. ಅಷ್ಟರಲ್ಲಿ ಗೊರವ ಕೂಗುತ್ತ ಕೆಸರಿನಿಂದೆದ್ದು ಕೆರೆಯ ಆಚೆ ದಡಕ್ಕೆ ಹಾರಿತು. ಬರಿಗಣ್ಣಿಗೇ ನಮ್ಮೆಲ್ಲರಿಗೂ ಕಂಡಿತು. ಅಕ್ಕ ಮಾತ್ರ ಗಾಜು ಬಿಟ್ಟು ಏಳಲಿಲ್ಲ. ಹಿಡಿದಿದ್ದ ಸೆರಗನ್ನು ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು.

"ಅಮ್ಮಾ, ಅದು ಹಾರಿಹೋಯ್ತು" ಎಂದು ಟೀಚರಮ್ಮ ಹೇಳಲು ಹೊರಟರು.

ಭಾವ ಸರ್ರನೆ ತಿರುಗಿ ಅವರ ಮೇಲೆ ಹರಿಹಾಯ್ದರು. "ಸುಮ್ನಿರ್ರೀ! ಅವಳಿನ್ನೂ ನೋಡ್ತಿದಾಳೆ."